ಕೊಡಗಿನ ಮಳೆಗಾಲಕ್ಕೆ ಒಗ್ಗುವ ಅಗ್ಗದ ಡೆಂಗಿ ಬಯೋಸೆನ್ಸರ್ ಇದೆಯೇ?

ಕಾಫಿ ಬೆಳೆಗಾರ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಮುಂಗಾರು ಹಿಡಿದ ಮೇಲೆ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಅದು ಮಳೆಯಲ್ಲಿ ನೆನೆದು ಬಂದ ಶೀತಜ್ವರವೋ, ಇಲಿ ಜ್ವರವೋ, ಡೆಂಗಿಯೋ ಎಂದು ಮೊದಲ ಎರಡು ಮೂರು ದಿನ ಮುಖ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಆಸ್ಪತ್ರೆಗೆ ಹೋಗಿಬರಲು ಕಾರ್ಮಿಕರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಜೀಪಿನ ಬಾಡಿಗೆ ಬೇರೆ. ಅಸ್ಸಾಂ ಮತ್ತು ಬಂಗಾಳದ ಕಡೆಯಿಂದ ಬಂದವರಿಗೆ ಭಾಷೆಯ ತೊಡಕೂ ಇದೆ. ರಕ್ತ ಕೊಟ್ಟು ಬಂದರೂ ಎಲಿಸಾ ಎಂಬ ಪ್ರಯೋಗಾಲಯ ಪರೀಕ್ಷೆಯ ವರದಿ ಕೈಸೇರುವಷ್ಟರಲ್ಲಿ ಕೆಲವರಿಗೆ ಜ್ವರವೇ ಬಿಟ್ಟಿರುತ್ತದೆ.

ಸಕ್ಕರೆ ಕಾಯಿಲೆಗೆ ಇಂದು ಹಳ್ಳಿಯ ಮನೆಗಳಲ್ಲೂ ಗ್ಲುಕೋಮೀಟರ್ ಇದೆ. ಬೆರಳು ಚುಚ್ಚಿ, ಪಟ್ಟಿಗೆ ಒಂದು ಹನಿ ತಾಗಿಸಿದರೆ ಕ್ಷಣದಲ್ಲಿ ಅಂಕಿ ಬರುತ್ತದೆ. ಡೆಂಗಿಗೂ ಚಿಕೂನ್‌ಗುನ್ಯಕ್ಕೂ ಅಂಥದ್ದೇ ಅಗ್ಗದ ಬಯೋಸೆನ್ಸರ್ ಬರಲಿದೆ ಎಂದು ಪತ್ರಿಕೆಗಳಲ್ಲಿ ಬಹಳ ಕಾಲದಿಂದ ಓದುತ್ತಿದ್ದೇನೆ. ಅದು ಎಲ್ಲಿಯವರೆಗೆ ಬಂದಿದೆ? ನಮ್ಮ ಥಂಡಿ, ತೇವ ಮತ್ತು ಕರೆಂಟಿಲ್ಲದ ದಿನಗಳಲ್ಲಿ ಅದು ಕೆಲಸ ಮಾಡೀತೇ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ ಸರ್. ಮುಂದೆ ಬರುವುದರ ಬಗ್ಗೆ ಮಾತನಾಡುವ ಮೊದಲು ಈಗ ಕೈಯಲ್ಲಿರುವುದನ್ನು ಸರಿಯಾಗಿ ತಿಳಿದುಕೊಳ್ಳೋಣ, ಏಕೆಂದರೆ ಆಸ್ಪತ್ರೆಗಳಲ್ಲಿ ‘ಕಾರ್ಡ್ ಟೆಸ್ಟ್’ ಎಂದು ಕರೆಯುವ ಆ ಪ್ಲಾಸ್ಟಿಕ್ ಪಟ್ಟಿಯೂ ಒಂದು ಅಗ್ಗದ ಬಯೋಸೆನ್ಸರ್ ಆಗಿದೆ.

ಡೆಂಗಿ ವೈರಸ್ ದೇಹದಲ್ಲಿ ಬೆಳೆಯುವಾಗ ಎನ್‌ಎಸ್1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಜ್ವರದ ಮೊದಲ ದಿನದಿಂದ ಸುಮಾರು ಐದನೇ ದಿನದವರೆಗೆ ಇದನ್ನು ಪತ್ತೆ ಮಾಡಬಹುದು. ದೇಹವು ವೈರಸ್ಸಿಗೆ ಎದುರಾಗಿ ತಯಾರಿಸುವ ಐಜಿಎಂ ಪ್ರತಿಕಾಯಗಳು ಕಾಣಿಸಿಕೊಳ್ಳುವುದು ನಾಲ್ಕನೇ ಅಥವಾ ಐದನೇ ದಿನದ ನಂತರ, ಮತ್ತು ಒಮ್ಮೆ ಬಂದರೆ ಎರಡು ಮೂರು ತಿಂಗಳು ಅಲ್ಲೇ ಇರುತ್ತವೆ. ಆದ್ದರಿಂದ ಎರಡನೇ ದಿನ ಐಜಿಎಂ ನೋಡಿದರೆ ಇಲ್ಲ ಎಂದು ಬರುತ್ತದೆ, ಏಳನೇ ದಿನ ಎನ್‌ಎಸ್1 ನೋಡಿದರೂ ಇಲ್ಲ ಎಂದು ಬರುವ ಸಂಭವ ಹೆಚ್ಚು. ಎರಡೂ ಬಾರಿ ರೋಗಿಗೆ ಡೆಂಗಿ ಇರಬಹುದು. ಯಾವ ಪರೀಕ್ಷೆ ಎಂಬುದಕ್ಕಿಂತ ಜ್ವರದ ಎಷ್ಟನೇ ದಿನದ ಪರೀಕ್ಷೆ ಎಂಬುದೇ ಮೊದಲು ಬೇಕು. ನಮ್ಮಲ್ಲಿಗೆ ಬರುವ ಬಹುಪಾಲು ಚೀಟಿಗಳಲ್ಲಿ ಅದೊಂದೇ ಬರೆದಿರುವುದಿಲ್ಲ.

ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ಕಾರ್ಡ್‌ನಲ್ಲಿ ಪಾಸಿಟಿವ್ ಬಂದರೆ ಅದು ‘ಸಂಭವನೀಯ ಡೆಂಗಿ’ ಮಾತ್ರ. ಎಲಿಸಾದಲ್ಲಿ ಬಂದರೆ ದೃಢಪಟ್ಟಂತೆ. ಬೆಲೆಯ ಮಾತಿಗೆ ಬಂದರೆ, 2024ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆ ಮತ್ತು ಪ್ರಯೋಗಾಲಯಗಳಿಗೆ ದರ ನಿಗದಿ ಮಾಡಿತು: ಎನ್‌ಎಸ್1 ಎಲಿಸಾಗೆ 300 ರೂಪಾಯಿ, ಐಜಿಎಂ ಎಲಿಸಾಗೆ 300, ಕಾರ್ಡ್ ಪರೀಕ್ಷೆಗೆ 250. ಕೂಲಿ ಕಾರ್ಮಿಕರಿಗೆ ಇದೂ ಸಣ್ಣ ಮೊತ್ತವಲ್ಲ. ಸರ್ಕಾರಿ ಆಸ್ಪತ್ರೆಗೆ ಕಳುಹಿಸಿಕೊಡಿ.

ಪ್ರಯೋಗಾಲಯ ತಂತ್ರಜ್ಞೆ, ವಿರಾಜಪೇಟೆ

ಡಾಕ್ಟರ್ ಹೇಳಿದ್ದಕ್ಕೆ ಪ್ರಯೋಗಾಲಯದ ಮೇಜಿನಿಂದ ಕೆಲವು ಮಾತು ಸೇರಿಸುತ್ತೇನೆ.

ಎಲಿಸಾ ವರದಿ ತಡವಾಗಲು ಕಾರಣವಿದೆ. ಒಂದು ಪ್ಲೇಟಿನಲ್ಲಿ 96 ಗುಳಿಗಳಿರುತ್ತವೆ, ಪ್ರತಿ ಸಲ ಓಡಿಸುವಾಗಲೂ ಕೆಲವು ಗುಳಿಗಳನ್ನು ಕಂಟ್ರೋಲ್‌ಗಳಿಗೆ, ಅಂದರೆ ಫಲಿತಾಂಶ ಮೊದಲೇ ಗೊತ್ತಿರುವ ಮಾದರಿಗಳಿಗೆ, ಬಿಡಬೇಕು. ಒಬ್ಬರ ರಕ್ತಕ್ಕಾಗಿ ಯಂತ್ರ ಹಚ್ಚಿದರೆ ಕಿಟ್ ವ್ಯರ್ಥವಾಗುತ್ತದೆ, ಹಾಗಾಗಿ ಮಾದರಿಗಳು ಕೂಡುವವರೆಗೆ ಕಾಯುತ್ತೇವೆ. ಪರೀಕ್ಷೆಗೆ ಕೆಲವೇ ಗಂಟೆ ಸಾಕಾದರೂ ಕಾಯುವುದಕ್ಕೆ ದಿನಗಳೇ ಹಿಡಿಯುತ್ತವೆ.

ಇನ್ನು ಕಾರ್ಡ್. ಬಹಳ ಜನ ಇದನ್ನು ಒಂದು ಹನಿ ರಕ್ತದ ಪರೀಕ್ಷೆ ಎಂದುಕೊಂಡಿದ್ದಾರೆ. ಹೆಚ್ಚಾಗಿ ಬಳಕೆಯಲ್ಲಿರುವ ಜೋಡಿ ಕಾರ್ಡ್‌ನಲ್ಲಿ ಐಜಿಎಂ ಭಾಗಕ್ಕೆ 10 ಮೈಕ್ರೋಲೀಟರ್ ಸಾಕು, ಆದರೆ ಎನ್‌ಎಸ್1 ಭಾಗಕ್ಕೆ 100 ಮೈಕ್ರೋಲೀಟರ್ ಬೇಕು. ಅಷ್ಟನ್ನು ಬೆರಳು ಹಿಂಡಿ ತೆಗೆಯುವುದು ಕಷ್ಟ. ಹಿಂಡಿದಷ್ಟೂ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ. ಆದ್ದರಿಂದ ನಾವು ತೋಳಿನಿಂದ ರಕ್ತ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಸೀರಂ (ರಕ್ತದ ತಿಳಿ ದ್ರವ) ಬೇರ್ಪಡಿಸಿಯೇ ಹಾಕುತ್ತೇವೆ. ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ನಿಮಿಷದೊಳಗೆ ಗೆರೆ ಓದಬೇಕು. ಅದಾದ ಮೇಲೆ ಪಟ್ಟಿ ಒಣಗುವಾಗ ಮಸುಕಾದ ಗೆರೆ ತಾನಾಗಿ ಮೂಡಬಹುದು. ಮಧ್ಯಾಹ್ನ ಹಾಕಿದ ಕಾರ್ಡ್‌ನ ಚಿತ್ರವನ್ನು ಸಂಜೆ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸಿ ‘ಇದು ಪಾಸಿಟಿವಾ ಮೇಡಂ’ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಒಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಕಾರ್ಡ್‌ನ ಅಲ್ಯೂಮಿನಿಯಂ ಚೀಲದೊಳಗೆ ತೇವ ಹೀರುವ ಸಣ್ಣ ಪೊಟ್ಟಣವಿರುತ್ತದೆ. ಕೆಲವು ಕಿಟ್‌ಗಳಲ್ಲಿ ಅದರ ಕಾಳುಗಳ ಬಣ್ಣ ಬದಲಾಗಿದ್ದರೆ ಆ ಕಾರ್ಡ್ ಬಳಸಬಾರದೆಂದು ಸೂಚನೆಯೇ ಇರುತ್ತದೆ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಗೋಡೆಗಳೇ ಬೆವರುವ ನಮ್ಮ ಊರುಗಳಲ್ಲಿ ಚೀಲವನ್ನು ಮೊದಲೇ ಹರಿದಿಟ್ಟು ರೋಗಿಯನ್ನು ಕರೆಯುವ ಅಭ್ಯಾಸ ಬಿಡಬೇಕು.

ಬಯೋಸೆನ್ಸರ್ ಸಂಶೋಧಕಿ, ಬೆಂಗಳೂರು (ಊರು ಪೊನ್ನಂಪೇಟೆ)

ಬೆಳೆಗಾರರ ಮೂಲ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಕ್ಷಮೆಯಿರಲಿ.

ಯಾವುದೇ ಬಯೋಸೆನ್ಸರ್‌ನಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಬೇಕಾದ ವಸ್ತುವನ್ನು ಮಾತ್ರ ಗುರುತಿಸಿ ಹಿಡಿಯುವ ಜೈವಿಕ ಭಾಗ. ಅದು ಕಿಣ್ವವಾಗಿರಬಹುದು, ಪ್ರತಿಕಾಯವಾಗಿರಬಹುದು, ಡಿಎನ್‌ಎ ಎಳೆಯಾಗಿರಬಹುದು. ಇನ್ನೊಂದು, ಹಿಡಿದದ್ದನ್ನು ಬಣ್ಣವಾಗಿಯೋ ವಿದ್ಯುತ್ತಾಗಿಯೋ ನಮಗೆ ತಿಳಿಸುವ ಭಾಗ. ಕಾರ್ಡ್ ಪರೀಕ್ಷೆಯಲ್ಲಿ ಹಿಡಿಯುವುದು ಪ್ರತಿಕಾಯ, ತೋರಿಸುವುದು ಚಿನ್ನದ ಅತಿಸೂಕ್ಷ್ಮ ಕಣಗಳು. ಆ ಗಾತ್ರದಲ್ಲಿ ಚಿನ್ನ ಹಳದಿಯಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ಕೆಂಗೆರೆಯ ಬಣ್ಣ ಅದರದ್ದೇ.

ಗ್ಲುಕೋಮೀಟರ್‌ನ ಮೂಲ ಕಲ್ಪನೆ 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳಿಂದ ಬಂದದ್ದು. ಅದು ಅಷ್ಟು ಅಗ್ಗವಾಗಿ, ಅಷ್ಟು ನಿಖರವಾಗಿ ಕೆಲಸ ಮಾಡಲು ಕಾರಣ ರಕ್ತದಲ್ಲಿ ಸಕ್ಕರೆ ಧಾರಾಳವಾಗಿರುವುದು. ಡೆಸಿಲೀಟರ್‌ಗೆ 90 ಮಿಲಿಗ್ರಾಂ ಎಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಒಂಬತ್ತು ಲಕ್ಷ ನ್ಯಾನೋಗ್ರಾಂ. ಡೆಂಗಿಯ ಎನ್‌ಎಸ್1 ಅನ್ನು ನಾವು ನ್ಯಾನೋಗ್ರಾಂಗಳ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ. ಅದರ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಕಿಣ್ವ ಒಂದಾದ ಮೇಲೊಂದು ಸಕ್ಕರೆ ಅಣುವನ್ನು ಆಕ್ಸಿಡೀಕರಿಸುತ್ತಲೇ ಹೋಗಿ ಸಂಕೇತವನ್ನು ಬೆಳೆಸುತ್ತದೆ. ಪ್ರತಿಕಾಯ ಒಂದು ಅಣುವನ್ನು ಹಿಡಿದು ಸುಮ್ಮನಾಗುತ್ತದೆ. ಹೊಸ ಸಂಶೋಧನೆಯಲ್ಲಿ ಹೆಚ್ಚಿನದು ಈ ಕೊರತೆಯನ್ನು ತುಂಬುವುದಕ್ಕೇ ನಡೆಯುತ್ತಿದೆ: ಕಾರ್ಬನ್ ಶಾಯಿಯಿಂದ ಮುದ್ರಿಸಿದ ಎಲೆಕ್ಟ್ರೋಡ್ ಮೇಲೆ ಪ್ರತಿಕಾಯ ಕೂರಿಸಿ, ಎನ್‌ಎಸ್1 ಬಂದು ಅಂಟಿದಾಗ ವಿದ್ಯುತ್ ಹರಿವಿಗೆ ಆಗುವ ತಡೆಯನ್ನು ಅಳೆಯುವುದು ಒಂದು ದಾರಿ. ಪ್ರತಿಕಾಯಕ್ಕೆ ಇನ್ನೊಂದು ಕಿಣ್ವವನ್ನು ಜೋಡಿಸಿ ಸಂಕೇತ ಹೆಚ್ಚಿಸುವುದು ಮತ್ತೊಂದು.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಪಾಥ್‌ಶೋಧ್ ಸಂಸ್ಥೆ ಮಧುಮೇಹಕ್ಕೆಂದು ಕೈಯಲ್ಲಿ ಹಿಡಿಯುವ ಎಲೆಕ್ಟ್ರೋಡ್ ಸಾಧನ ಮಾಡಿತು, ಅದೇ ತಂತ್ರವನ್ನು ಬೆಳೆಸಿ ಕೋವಿಡ್ ಪ್ರತಿಕಾಯ ಅಳೆಯುವ ಪರೀಕ್ಷೆಯನ್ನೂ 2021ರಲ್ಲಿ ಹೊರತಂದಿತು. ಬೆಂಗಳೂರಿನ ಬಿಗ್‌ಟೆಕ್ ಅಭಿವೃದ್ಧಿಪಡಿಸಿ ಗೋವಾದ ಮೋಲ್‌ಬಯೋ ತಯಾರಿಸುವ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಪಿಸಿಆರ್, ಅಂದರೆ ರೋಗಾಣುವಿನ ಆನುವಂಶಿಕ ವಸ್ತುವನ್ನು ಹಲವು ಪಟ್ಟು ಹೆಚ್ಚಿಸಿ ಪತ್ತೆ ಮಾಡುವ ಯಂತ್ರ. ಕ್ಷಯರೋಗ ಪತ್ತೆಗೆ ಅದನ್ನು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿತು. ಡೆಂಗಿ, ಚಿಕೂನ್‌ಗುನ್ಯಗಳಿಗೂ ಅದರಲ್ಲಿ ಚಿಪ್‌ಗಳಿವೆ. ಯಂತ್ರ ಈಗಾಗಲೇ ಇರುವ ಕಡೆಗಳಲ್ಲಿ ಹೊಸ ಯಂತ್ರ ಕೊಳ್ಳುವ ಮೊದಲು ಇದನ್ನೇ ಬಳಸಬಾರದೇಕೆ ಎಂದು ನಾವು ಕೇಳಬೇಕು.

ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಹುಡುಕುವ ಅಗ್ಗದ ದಾರಿಗಳೂ ಇವೆ. 2000ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಲ್ಯಾಂಪ್ ವಿಧಾನಕ್ಕೆ ಪಿಸಿಆರ್‌ನಂತೆ ಬಿಸಿ ತಂಪು ಮಾಡುವ ಯಂತ್ರ ಬೇಡ; 60ರಿಂದ 65 ಡಿಗ್ರಿಯಲ್ಲಿ ಒಂದೇ ಸಮನೆ ಇಟ್ಟರೆ ಸಾಕು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೊಳವೆಯ ದ್ರಾವಣದ ಬಣ್ಣ ಬದಲಾಗುತ್ತದೆ. ನಿರ್ದಿಷ್ಟ ಆನುವಂಶಿಕ ಸಾಲನ್ನು ಗುರುತಿಸುವ ಕ್ರಿಸ್ಪರ್ ಆಧಾರಿತ ಪತ್ತೆಯಲ್ಲಿ 2018ರ ಹೊತ್ತಿಗೆ ಡೆಂಗಿ ಮತ್ತು ಝೀಕಾ ವೈರಸ್‌ಗಳನ್ನು ರೋಗಿಯ ಮಾದರಿಯಿಂದ ಎರಡು ಗಂಟೆಯೊಳಗೆ ಕಾಗದದ ಪಟ್ಟಿಯ ಮೇಲೆ ತೋರಿಸಲಾಗಿತ್ತು. ಇವೆರಡೂ ಅತ್ಯಂತ ಸೂಕ್ಷ್ಮವಾದ ವಿಧಾನಗಳು, ಆ ಸೂಕ್ಷ್ಮತೆಯೇ ಅವುಗಳ ತೊಡಕೂ ಹೌದು: ಹಿಂದಿನ ಪರೀಕ್ಷೆಯ ಕೊಳವೆ ಕೋಣೆಯಲ್ಲಿ ತೆರೆದರೆ ಸಾಕು, ಮುಂದಿನ ಮಾದರಿಗಳೆಲ್ಲ ಪಾಸಿಟಿವ್ ಎಂದು ತೋರಿಸಲು ಶುರುವಾಗಬಹುದು.

ಸೀರಂ ಬೇರ್ಪಡಿಸುವ ತೊಂದರೆಯನ್ನು ವಿರಾಜಪೇಟೆಯ ಮೇಡಂ ಹೇಳಿದರು. ದಾರಕ್ಕೆ ಗುಂಡಿ ಪೋಣಿಸಿ ಎಳೆದು ಗಿರ್ರನೆ ತಿರುಗಿಸುವ ಮಕ್ಕಳ ಆಟಿಕೆಯ ತತ್ತ್ವದಿಂದಲೇ ಮನು ಪ್ರಕಾಶ್ ಅವರ ಸ್ಟ್ಯಾನ್‌ಫರ್ಡ್ ತಂಡ 2017ರಲ್ಲಿ ಕಾಗದದ ಸೆಂಟ್ರಿಫ್ಯೂಜ್ ಮಾಡಿ ತೋರಿಸಿತು. ಕರೆಂಟಿಲ್ಲದೆ, ಕೈಯಿಂದಲೇ, ಒಂದೂವರೆ ನಿಮಿಷದಲ್ಲಿ ಪ್ಲಾಸ್ಮಾ ಬೇರೆಯಾಗುತ್ತದೆ. ಸೆನ್ಸರ್‌ಗಿಂತ ಸೆನ್ಸರ್‌ಗೆ ಮೊದಲಿನ ಕೆಲಸವೇ ಹಳ್ಳಿಗಳಲ್ಲಿ ಕಷ್ಟವಾಗುವುದರಿಂದ ಇಂಥ ಸಣ್ಣ ಉಪಾಯಗಳನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ವಿಜ್ಞಾನ ಶಿಕ್ಷಕ, ಕುಶಾಲನಗರ

ಒಂದು ಸಂದೇಹ. ಝೀಕಾ, ಡೆಂಗಿ, ಮಂಗನ ಕಾಯಿಲೆ ಎಲ್ಲವೂ ಒಂದೇ ಕುಟುಂಬದ ವೈರಸ್‌ಗಳು ಎಂದು ಓದಿದ್ದೇನೆ. ಹಾಗಿದ್ದರೆ ಒಂದರ ಸೆನ್ಸರ್ ಇನ್ನೊಂದನ್ನು ಕಂಡು ಮೋಸ ಹೋಗುವುದಿಲ್ಲವೇ?

ಬಯೋಸೆನ್ಸರ್ ಸಂಶೋಧಕಿ, ಬೆಂಗಳೂರು

ಹೋಗುತ್ತದೆ ಸರ್. ಡೆಂಗಿ, ಝೀಕಾ, ಜಪಾನೀಸ್ ಎನ್ಸೆಫಲೈಟಿಸ್ ಮತ್ತು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, ನಾಲ್ಕೂ ಫ್ಲೇವಿವೈರಸ್‌ಗಳು. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಸೊಳ್ಳೆಯಿಂದಲ್ಲ. ಪ್ರತಿಕಾಯ ಹುಡುಕುವ ಪರೀಕ್ಷೆಗಳಲ್ಲಿ ಈ ಗೊಂದಲ ಹೆಚ್ಚು, ಅದರಲ್ಲೂ ಡೆಂಗಿ ಮತ್ತು ಝೀಕಾ ನಡುವೆ. ಎನ್‌ಎಸ್1 ನೇರವಾಗಿ ಹುಡುಕುವಲ್ಲಿ ಕಡಿಮೆ, ಆರ್‌ಎನ್‌ಎ ಹುಡುಕುವಲ್ಲಿ ಇನ್ನೂ ಕಡಿಮೆ. ಚಿಕೂನ್‌ಗುನ್ಯ ಬೇರೆಯೇ ಗುಂಪಿನ ಆಲ್ಫಾವೈರಸ್ ಆದ್ದರಿಂದ ಅದಕ್ಕೆ ಬೇರೆ ಗೆರೆ ಬೇಕು. ಡೆಂಗಿ, ಚಿಕೂನ್‌ಗುನ್ಯ ಎರಡನ್ನೂ ಹರಡುವ ಸೊಳ್ಳೆಗಳು ಒಂದೇ ಆದ ಕಾರಣ ಒಂದೇ ಪಟ್ಟಿಯಲ್ಲಿ ಎರಡನ್ನೂ ನೋಡುವ ಸೆನ್ಸರ್ ನಮಗೆ ಹೆಚ್ಚು ಉಪಯುಕ್ತ. ನಮ್ಮ ತೋಟಗಳಂಥ ಹಸಿರು ಜಾಗದಲ್ಲಿ ಅವುಗಳಲ್ಲಿ ಒಂದಾದ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆ ಚೆನ್ನಾಗಿ ಬೆಳೆಯುತ್ತದೆ: ಬಿದ್ದ ಅಡಿಕೆ ಹಾಳೆ, ಕತ್ತರಿಸಿದ ಬಿದಿರಿನ ಬುಡ, ಮರದ ಪೊಟರೆ, ಕಾಫಿ ಕಣದ ಟಾರ್ಪಾಲಿನ ಮಡಿಕೆ, ಎಲ್ಲವೂ ಅದಕ್ಕೆ ಸಾಕಾಗುವಷ್ಟು ನೀರು ಹಿಡಿಯುತ್ತವೆ.

ಕಾಫಿ ಬೆಳೆಗಾರ, ಸಿದ್ದಾಪುರ

ತುಂಬಾ ತಿಳಿಯಿತು. ಹಾಗಾದರೆ ಹೊಸ ಸಾಧನ ಬರುವವರೆಗೆ ಕಾಯುವ ಬದಲು ನಾವು ಕೆಲವು ಬೆಳೆಗಾರರು ಸೇರಿ ಕಾರ್ಡ್‌ಗಳನ್ನು ಸಗಟಾಗಿ ಕೊಂಡು ತೋಟದಲ್ಲೇ ಇಟ್ಟುಕೊಂಡು, ಜ್ವರ ಬಂದವರಿಗೆಲ್ಲ ಮೊದಲ ದಿನವೇ ಹಾಕಿಸಿದರೆ ಹೇಗೆ? ಇಲ್ಲ ಎಂದು ಬಂದವರು ನಿಶ್ಚಿಂತೆಯಿಂದ ಇರಬಹುದಲ್ಲವೇ?

ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ

ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ ಸರ್, ಆದರೆ ಆ ನಿಶ್ಚಿಂತೆಯೇ ನನಗೆ ಭಯ ಹುಟ್ಟಿಸುವುದು. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗಾಗಿ ಮಾತ್ರ.

ಡೆಂಗಿ ಇರುವ 100 ಜನರಲ್ಲಿ 80 ಜನರನ್ನು ಹಿಡಿಯುವ, ಇಲ್ಲದ 100 ಜನರಲ್ಲಿ ಮೂವರನ್ನು ತಪ್ಪಾಗಿ ಇದೆ ಎನ್ನುವ ಕಾರ್ಡ್ ಒಂದನ್ನು ಊಹಿಸಿಕೊಳ್ಳಿ. ಡೆಂಗಿ ಅಪರೂಪವಾಗಿರುವ ಬೇಸಿಗೆಯಲ್ಲಿ ಜ್ವರದ 1000 ಜನರಿಗೆ ಇದನ್ನು ಹಾಕಿದೆವು, ಅವರಲ್ಲಿ ನಿಜವಾಗಿ ಡೆಂಗಿ ಇರುವವರು 20 ಎಂದುಕೊಳ್ಳೋಣ. ಕಾರ್ಡ್ ಸರಿಯಾಗಿ ಹಿಡಿಯುವುದು 16 ಜನರನ್ನು, ತಪ್ಪಾಗಿ ಪಾಸಿಟಿವ್ ಎನ್ನುವುದು ಸುಮಾರು 29 ಜನರನ್ನು. ಅಂದರೆ ಪಾಸಿಟಿವ್ ಬಂದ ಮೂವರಲ್ಲಿ ಇಬ್ಬರಿಗೆ ಡೆಂಗಿಯೇ ಇಲ್ಲ. ಆ ಇಬ್ಬರಲ್ಲಿ ಒಬ್ಬರಿಗೆ ಇಲಿ ಜ್ವರವಿದ್ದು, ಡೆಂಗಿ ಎಂದು ಸುಮ್ಮನೆ ಕೂತರೆ ಸಕಾಲದಲ್ಲಿ ಕೊಡಬೇಕಾದ ಆಂಟಿಬಯೋಟಿಕ್ ತಪ್ಪಿಹೋಗುತ್ತದೆ.

ಈಗ ಮಳೆಗಾಲದ ಅಬ್ಬರಕ್ಕೆ ಬನ್ನಿ. ಅದೇ 1000 ಜ್ವರಗಳಲ್ಲಿ 400 ಡೆಂಗಿ ಎಂದುಕೊಳ್ಳಿ. ಪಾಸಿಟಿವ್ ಬಂದವರಲ್ಲಿ 320 ಜನ ನಿಜವಾದವರು, 18 ಜನ ಮಾತ್ರ ತಪ್ಪು. ಆಗ ಪಾಸಿಟಿವ್ ಅನ್ನು ನಂಬಬಹುದು. ಆದರೆ ಇಲ್ಲ ಎಂದು ಬಂದ 662 ಜನರಲ್ಲಿ 80 ಜನರಿಗೆ ಡೆಂಗಿ ಇದೆ, ಎಂಟು ಜನರಲ್ಲಿ ಒಬ್ಬರಿಗೆ. ಅವರನ್ನು ನಿಶ್ಚಿಂತೆಯಿಂದ ಮರಗಸಿಗೆ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸಕ್ಕೆ) ಕಳುಹಿಸಿದರೆ ಏನಾಗಬಹುದು ಎಂದು ಯೋಚಿಸಿ. ಎರಡನೇ ಬಾರಿ ಬೇರೆ ಬಗೆಯ ಡೆಂಗಿ ತಗುಲಿದವರಲ್ಲಿ ಕಾಯಿಲೆ ಹೆಚ್ಚು ತೀವ್ರವಾಗುವ ಸಂಭವವಿದೆ, ಮತ್ತು ಎನ್‌ಎಸ್1 ಕಾರ್ಡ್ ತಪ್ಪಿಸಿಕೊಳ್ಳುವುದೂ ಅವರಲ್ಲೇ ಹೆಚ್ಚು, ಏಕೆಂದರೆ ಹಳೆಯ ಪ್ರತಿಕಾಯಗಳು ಆ ಪ್ರೋಟೀನನ್ನು ಮುಚ್ಚಿಬಿಡುತ್ತವೆ.

ಕಾರ್ಡ್ ಇಡಬೇಡಿ ಎನ್ನುತ್ತಿಲ್ಲ. ನಮ್ಮ ಆರೋಗ್ಯ ಕೇಂದ್ರದೊಂದಿಗೆ ಸೇರಿ, ತರಬೇತಿ ಪಡೆದವರ ಕೈಯಲ್ಲಿ, ಸೂಜಿಗಳನ್ನು ಸರಿಯಾಗಿ ವಿಲೇವಾರಿ ಮಾಡುವ ಏರ್ಪಾಟಿನೊಂದಿಗೆ ಇಡೋಣ. ಪ್ರತಿ ಫಲಿತಾಂಶದ ಪಕ್ಕದಲ್ಲಿ ಜ್ವರದ ಎಷ್ಟನೇ ದಿನ ಎಂದು ಬರೆದಿರಲೇಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀವ್ರ ಸುಸ್ತು ಕಂಡರೆ ಕಾರ್ಡ್ ಏನೇ ಹೇಳಲಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ. ನೋವಿಗೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಕೊಡಬೇಡಿ, ಪ್ಯಾರಾಸಿಟಮಾಲ್ ಮಾತ್ರ ಸಾಕು.

ಆಶಾ ಕಾರ್ಯಕರ್ತೆ, ತಿತಿಮತಿ ಕಡೆ

ಡಾಕ್ಟರ್ ಸರ್, ಮಲೇರಿಯಾ ಕಿಟ್ ನಾವು ಬಹಳ ಹಿಂದಿನಿಂದ ಬಳಸುತ್ತಿದ್ದೇವೆ, ಬೆರಳಿನ ಸ್ವಲ್ಪ ರಕ್ತ ಸಾಕು, ಹಾಡಿಯ ಜನರಿಗೂ ಅದರ ಪರಿಚಯವಿದೆ. ಡೆಂಗಿ ಸೆನ್ಸರ್ ಅಷ್ಟು ಸುಲಭವಾಗಿ ಬಂದರೆ ನಾವು ಖಂಡಿತ ಮಾಡುತ್ತೇವೆ. ಆದರೆ ಜ್ವರದ ದಿನ ಕೇಳುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ‘ಮೊನ್ನೆಯಿಂದ’ ಎನ್ನುತ್ತಾರೆ, ಆ ಮೊನ್ನೆ ಎರಡು ದಿನವೂ ಆಗಿರಬಹುದು, ವಾರವೂ ಆಗಿರಬಹುದು. ನಾನು ತಾರೀಕು ಕೇಳುವುದಿಲ್ಲ. ಸಂತೆಗೆ ಹೋದಾಗ ಜ್ವರ ಇತ್ತಾ, ಬಟವಾಡೆ ತೆಗೆದುಕೊಳ್ಳುವಾಗ ಇತ್ತಾ, ಅಂದು ರಾತ್ರಿ ಊಟ ಸೇರಿತ್ತಾ ಎಂದು ಕೇಳುತ್ತೇನೆ. ಆಗ ಸರಿಯಾಗಿ ಹೇಳುತ್ತಾರೆ. ಹೊಸ ಸಾಧನದ ಜೊತೆ ಬರುವ ಚೀಟಿಯಲ್ಲಿ ತಾರೀಕಿನ ಖಾನೆ ಮಾತ್ರ ಇಟ್ಟರೆ ಅದು ಅಂದಾಜಿನಿಂದ ತುಂಬಿಹೋಗುತ್ತದೆ.

ಬಯೋಸೆನ್ಸರ್ ಸಂಶೋಧಕಿ, ಬೆಂಗಳೂರು

ಅಕ್ಕ, ನೀವು ಹೇಳಿದ್ದನ್ನು ನಾನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. ಎಲೆಕ್ಟ್ರೋಡ್ ಸೆನ್ಸರ್‌ನ ನಿಜವಾದ ಲಾಭ ಅದು ಅಂಕಿ ಕೊಡುತ್ತದೆ ಎಂಬುದು, ಬರೀ ಗೆರೆಯಲ್ಲ. ಆದರೆ ಎರಡನೇ ದಿನದ ಅಂಕಿಗೂ ಐದನೇ ದಿನದ ಅಂಕಿಗೂ ಅರ್ಥವೇ ಬೇರೆ. ದಿನ ಗೊತ್ತಿಲ್ಲದಿದ್ದರೆ ನಾವು ಎಷ್ಟೇ ನಿಖರವಾಗಿ ಅಳೆದರೂ ಆ ಅಂಕಿಯಿಂದ ವೈದ್ಯರಿಗೆ ಪ್ರಯೋಜನವಿಲ್ಲ. ಹಾಗಾಗಿ ದಿನ ನಮೂದಿಸದೆ ಫಲಿತಾಂಶವನ್ನೇ ತೋರಿಸದ ಸಾಧನ ಮಾಡಬೇಕು ಎಂಬ ವಾದದ ಪರ ನಾನಿದ್ದೇನೆ, ಮತ್ತು ಆ ಪ್ರಶ್ನೆ ಪರದೆಯ ಮೇಲೆ ನಿಮ್ಮ ಮಾತಿನಲ್ಲೇ ಬರಬೇಕು.

ಕಾಫಿ ಬೆಳೆಗಾರ, ಸಿದ್ದಾಪುರ

ಇದನ್ನು ಓದುವಾಗ ಒಂದು ವಿಷಯ ಹೊಳೆಯಿತು. ತೋಟದ ಗುಮಾಸ್ತರಾದ ರೈಟರ್ ಪ್ರತಿದಿನ ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯುತ್ತಾರೆ. ಯಾರು ಎಂದಿನಿಂದ ಕೆಲಸಕ್ಕೆ ಬಂದಿಲ್ಲ ಎಂಬುದು ಅದರಲ್ಲಿ ಇದ್ದೇ ಇರುತ್ತದೆ. ಜ್ವರದ ಗೈರುಹಾಜರಿಗೆ ಬೇರೆ ಗುರುತು ಹಾಕಿಸಿದರೆ ಆಸ್ಪತ್ರೆಗೆ ಹೋಗುವವರ ಕೈಯಲ್ಲಿ ಆ ದಿನಾಂಕ ಬರೆದ ಚೀಟಿ ಕೊಡಬಹುದು. ಅದಕ್ಕೆ ಯಾವ ಖರ್ಚೂ ಇಲ್ಲ.

ಪ್ರಯೋಗಾಲಯ ತಂತ್ರಜ್ಞೆ, ವಿರಾಜಪೇಟೆ

ಬಹಳ ಉಪಕಾರವಾಗುತ್ತದೆ ಸರ್. ಒಂದು ಎಚ್ಚರಿಕೆ ಮಾತ್ರ: ಜ್ವರ ಬಂದ ಮೊದಲ ದಿನ ಮಾತ್ರೆ ನುಂಗಿ ಕೆಲಸಕ್ಕೆ ಬರುವವರು ಹಲವರಿದ್ದಾರೆ, ಕೂಲಿ ಬಿಡಲು ಅವರಿಗೆ ಆಗುವುದಿಲ್ಲ. ಆದ್ದರಿಂದ ಗೈರುಹಾಜರಿಯ ದಿನದ ಜೊತೆಗೆ ‘ಹಿಂದಿನ ದಿನ ಮೈ ಬಿಸಿ ಇತ್ತೇ’ ಎಂದೂ ಕೇಳಿ ಬರೆಯಿಸಿ.

ಬಯೋಸೆನ್ಸರ್ ಸಂಶೋಧಕಿ, ಬೆಂಗಳೂರು

ಬೆಳೆಗಾರರಲ್ಲಿ ಒಂದು ಕೋರಿಕೆ ಇದೆ. ಪ್ರಯೋಗಾಲಯದಲ್ಲಿ ನಾವು ತೇವ ನಿಯಂತ್ರಿಸಿದ ಪೆಟ್ಟಿಗೆಯಲ್ಲಿಟ್ಟು ಪಟ್ಟಿಗಳ ಬಾಳಿಕೆ ನೋಡುತ್ತೇವೆ, ಅದು ನಮ್ಮ ಊರಿನ ಮಳೆಗಾಲವಲ್ಲ. ತೇವದಲ್ಲಿ ಕಾರ್ಡ್‌ನೊಳಗಿನ ನೈಟ್ರೋಸೆಲ್ಯುಲೋಸ್ ಹಾಳೆಯ ಮೇಲೆ ದ್ರವ ಹರಿಯುವ ವೇಗ ಬದಲಾಗುತ್ತದೆ, ಎಲೆಕ್ಟ್ರೋಡ್ ಮೇಲಿನ ಪ್ರತಿಕಾಯವೂ ಕೆಡಬಹುದು. ರೋಗಿಗಳ ರಕ್ತ ಬಳಸುವ ಪರೀಕ್ಷೆಗೆ ನೈತಿಕ ಸಮಿತಿಯ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ಖಾಲಿ ಪಟ್ಟಿಗಳನ್ನು ತೇವ ಮತ್ತು ಉಷ್ಣಾಂಶ ದಾಖಲಿಸುವ ಸಣ್ಣ ಯಂತ್ರದೊಂದಿಗೆ ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡಲು ಅಂಥ ತೊಡಕಿಲ್ಲ. ಎಲ್ಲಿ ಇಡಬಹುದು?

ಕಾಫಿ ಬೆಳೆಗಾರ, ಸಿದ್ದಾಪುರ

ಸಂತೋಷದಿಂದ ಇಡಬಹುದು. ರೈಟರ್ ಕೂರುವ ಕೋಣೆ ಸ್ವಲ್ಪ ಬೆಚ್ಚಗಿದೆ, ಗೊಬ್ಬರದ ಸ್ಟೋರ್‌ನಲ್ಲಿ ತೇವ ಹೆಚ್ಚು, ಲೈನ್ ಮನೆಯ ಅಡುಗೆ ಕಟ್ಟೆಯ ಮೇಲೆ ಹೊಗೆಯೂ ಇರುತ್ತದೆ. ಮೂರು ಕಡೆಯೂ ಒಂದೊಂದು ಪೆಟ್ಟಿಗೆ ಇಡಿ, ಕಾರ್ಡ್ ನಿಜವಾಗಿ ಇರಬೇಕಾದ ಜಾಗಗಳು ಅವೇ.

ಪ್ರಯೋಗಾಲಯ ತಂತ್ರಜ್ಞೆ, ವಿರಾಜಪೇಟೆ

ಹಾಗಿದ್ದರೆ ಅದೇ ಬ್ಯಾಚಿನ ನಾಲ್ಕನೇ ಪೆಟ್ಟಿಗೆ ನನಗೆ ಕಳುಹಿಸಿಕೊಡಿ ಮೇಡಂ. ನಮ್ಮ ಹವಾನಿಯಂತ್ರಿತ ಕೋಣೆಯಲ್ಲಿ ತೆರೆಯದೆ ಇಟ್ಟಿರುತ್ತೇನೆ, ಸೆಪ್ಟೆಂಬರ್‌ನಲ್ಲಿ ನಾಲ್ಕನ್ನೂ ಒಂದೇ ದಿನ, ಒಂದೇ ಕಂಟ್ರೋಲ್ ದ್ರಾವಣದಿಂದ ಹಾಕಿ ನೋಡೋಣ.